ನಾಲ್ಕನೆಯ ಕಂತೆ

ಡೊಂಬಿವಲಿ ಪೂರ್ವ
ಭಾನುವಾರ, ೨೦ ಮಾರ್ಚ್ ೨೦೧೬

ಪ್ರೀತಿಯ ಪುಷ್ಪಾ,

ನಾವೆಲ್ಲ ಕ್ಷೇಮ. ನೀನು, ನಿನ್ನ ಯಜಮಾನರು, ಮನೆಗೆ ಬಂದ ಹೊಸ ಸೊಸೆ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಮಯೂರನ ಮದುವೆಗೆ ನಾನು ಬರಲಿಲ್ಲ. ಆಮೇಲೆ ಎರಡು ತಿಂಗಳು ಒಂದು ಫೋನೂ ಮಾಡಲಿಲ್ಲ. ನೀನು ಕಳಿಸಿದ ಲಾಡಿನ ಡಬ್ಬಿಯನ್ನು ಮಾತ್ರ ಖಾಲಿ ಮಾಡಿ, ತೊಳೆದು, ಒರೆಸಿ ಇಟ್ಟಿದ್ದೇನೆ. ಮದುವೆಯ ದಿನ ಜ್ವರ ಎಂದು ಹೇಳಿ ಕಳಿಸಿದ್ದೆನಲ್ಲ, ಅದು ಸುಳ್ಳು. ಸೀರೆಗೆ ಇಸ್ತ್ರಿ ಕೂಡ ಹಾಕಿಸಿದ್ದೆ. ಉಟ್ಟುಕೊಂಡು ಕನ್ನಡಿಯ ಮುಂದೆ ನಿಂತವಳು ಮತ್ತೆ ಬಿಚ್ಚಿ ಮಡಿಸಿಟ್ಟೆ. ಯಾಕೆ ಎಂಬುದನ್ನು ಹೇಳಲಿಕ್ಕೇ ಈ ಕಾಗದ.

ನಾನಿರುವ ನೆರುಳ್ ಏನು ದೂರ, ಬಂದು ಹೇಳಬಾರದಿತ್ತೇ ಎಂದು ನೀನು ಕೇಳುತ್ತಿ. ಬಂದರೆ ನೀನು ಮೊದಲು ಚಹಾ ಕೊಡುತ್ತಿ, ಆಮೇಲೆ ನಗುತ್ತಿ. ನೀನು ನಕ್ಕರೆ ನಾನು ಬಂದ ಕೆಲಸ ಮರೆತು ಗೋಳಿಬಜೆ ತಿಂದು ಸಂಜೆಯ ಗಾಡಿ ಹಿಡಿಯುತ್ತೇನೆ. ಇದು ಹತ್ತಾರು ಸಲ ಆಗಿದೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನನ್ನ ಫೋನು ಅರ್ಧ ದಿನ ದಿಶಾಳ ಕೈಯಲ್ಲಿ. ಈ ಕಾಗದ ಮೇಜಿನ ಮೇಲೆ ಬಿದ್ದಿದ್ದರೂ ಚಿಂತೆಯಿಲ್ಲ. ನನ್ನ ಮಗಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ನೋಡಿದರೆ ತಿಳಿಯುವುದಿಲ್ಲ.

ಕಥೆಯನ್ನು ಮೊದಲಿನಿಂದ ಹೇಳುತ್ತೇನೆ. ನಡುವಿನಿಂದ ಶುರುಮಾಡಿದರೆ ನಮ್ಮ ಅಜ್ಜಿ ಬೀಡಿಯ ಕತ್ತರಿಯಿಂದ ತಲೆಗೆ ಕುಟ್ಟುತ್ತಿದ್ದಳು.

ಇಲ್ಲಿ ನಮ್ಮ ಕನ್ನಡ ಸಂಘದ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ, ಕೆಡವಿ ಹೊಸದು ಕಟ್ಟುತ್ತಾರೆ. ಗ್ರಂಥಾಲಯದ ಪುಸ್ತಕಗಳನ್ನು ಸದಸ್ಯರು ಪೆಟ್ಟಿಗೆಗಳಲ್ಲಿ ಹಂಚಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಬೇಕು ಎಂದರು. ನಾನು ಹಟ ಹಿಡಿದು ನಮ್ಮ ಎಂ.ಎ. ಪುಸ್ತಕಗಳಿದ್ದ ಪೆಟ್ಟಿಗೆಯನ್ನೇ ತಂದೆ. ಆಫೀಸಿಗೆ ಹೋಗುವಾಗ ಡೊಂಬಿವಲಿಯಿಂದ ಠಾಣೆಯವರೆಗೆ ದಿನಕ್ಕೆ ಹತ್ತು ಪುಟದಂತೆ ಮತ್ತೆ ಓದತೊಡಗಿದೆ. ಎಷ್ಟು ನಗು ಬಂತು ಗೊತ್ತೇ! ಆ ದಪ್ಪ ಅಲಂಕಾರಶಾಸ್ತ್ರದಲ್ಲಿ ನಾನು ಗೆರೆ ಎಳೆಯದ ಸಾಲೇ ಇಲ್ಲ. ಪುಟದ ಬದಿಗೆ 'ಇದು ಬರುತ್ತದೆ' ಎಂದು ಹದಿನೆಂಟು ಕಡೆ ಬರೆದಿದ್ದೇನೆ. ಬಂದದ್ದು ಎರಡು. ಹಳಗನ್ನಡ ಕಾವ್ಯದ ಯುದ್ಧದ ಭಾಗದಲ್ಲಿ ಕುಶಲನ ಸಾಂಬಾರಿನ ಕಲೆ ಇನ್ನೂ ಇದೆ. ಅವನು ಅದನ್ನು ಹೋಟೆಲಿನ ಹಣದ ಗಲ್ಲೆಯಲ್ಲಿ ಕೂತು ಓದುತ್ತಿದ್ದ. ಆಗ ಬೇವಿನ ಕಷಾಯದಂತೆ ಕುಡಿದ ಕಾವ್ಯ ಈಗ ಯಾರೂ ಪರೀಕ್ಷೆ ಮಾಡುವುದಿಲ್ಲ ಎಂದು ಗೊತ್ತಿದ್ದಾಗ ರುಚಿಯಾಗುತ್ತದೆ. ಒಂದು ದಿನ ಓದುತ್ತಾ ಕಣ್ಣಲ್ಲಿ ನೀರು ಬಂದು, ಪಕ್ಕದ ಹೆಂಗಸು 'ಕಾಯ್ ಝಾಲಂ ತಾಈ', ಏನಾಯಿತು ಅಕ್ಕಾ, ಎಂದು ನೀರಿನ ಬಾಟಲಿ ಕೊಟ್ಟಳು.

ಪೆಟ್ಟಿಗೆಯ ತಳದಲ್ಲಿ ನಮಗೆ ಪಠ್ಯವಾಗಿದ್ದ, ಬಾಗಿಯ ಕಥೆಯ ಕಾದಂಬರಿ ಇತ್ತು. ಮೂರೇ ಕಂತೆ.

ನಿನಗೆ ಮರೆಯುವುದು ಸಾಧ್ಯವಿಲ್ಲ. ಆದರೂ ಬರೆಯುತ್ತೇನೆ, ಬರೆದರೆ ನನಗೆ ಸ್ಪಷ್ಟವಾಗುತ್ತದೆ. ೨೦೦೪ರಲ್ಲಿ ನಾವು ನಾಲ್ವರು ಎಂ.ಎ. ಎರಡನೇ ವರ್ಷದಲ್ಲಿದ್ದೆವು. ನಾನು, ನೀನು, ಠಾಣೆಯ ಹೋಟೆಲಿನಲ್ಲಿದ್ದ ಕುಶಲ, ಕಲ್ಯಾಣದ ರೈಲ್ವೆಯ ಜಟ್ಟೆಪ್ಪ. ಎಲ್ಲರೂ ಸಂಸಾರಸ್ಥರು, ಎಲ್ಲರೂ ಕೆಲಸದವರು. ಆ ಕಾದಂಬರಿ ಎಲ್ಲೂ ಸಿಗುತ್ತಿರಲಿಲ್ಲ. ಇಡೀ ಮುಂಬಯಿಯಲ್ಲಿ ಇದ್ದದ್ದು ನಮ್ಮ ಸಂಘದ ಒಂದೇ ಪ್ರತಿ. ಜೆರಾಕ್ಸ್ ಮಾಡಿಸಿದರೆ, ಹಾಳೆ ಅಷ್ಟು ಕಂದಿದ್ದರಿಂದ, ಕಪ್ಪು ಕಾಗದವೇ ಹೊರಗೆ ಬಂತು. ಹೊಲಿಗೆ ಮೊದಲೇ ಬಿಟ್ಟಿದ್ದ ಪುಸ್ತಕವನ್ನು ಜಟ್ಟೆಪ್ಪ ನಾಲ್ಕು ಕಂತೆ ಮಾಡಿ ದಾರ ಕಟ್ಟಿದ. ಒಬ್ಬರು ಓದಿ ಇನ್ನೊಬ್ಬರಿಗೆ ಸ್ಟೇಶನ್ನಿನಲ್ಲಿ ದಾಟಿಸಬೇಕು. ಓದಿ ಮುಗಿಸಿದವರು ಕಂತೆಯ ಕೊನೆಯ ಹಾಳೆಯಲ್ಲಿ ಹೆಸರಿನ ಮೊದಲಕ್ಷರ, ತಾರೀಖು, ಗಾಡಿಯ ಹೊತ್ತು, ಮುಗಿಸಿದ ಸ್ಟೇಶನ್ನು ಬರೆದು ಸಹಿ ಹಾಕಬೇಕು. ರೈಲ್ವೆಯವನ ಬುದ್ಧಿ! 'ಗಾರ್ಡ್ ಸಹಿ ಇಲ್ಲದ ಗಾಡಿ ಮುಂದ ಹೋಗಂಗಿಲ್ರಿ' ಎನ್ನುತ್ತಿದ್ದ.

ಪೆಟ್ಟಿಗೆಯಲ್ಲಿ ಸಿಕ್ಕ ಮೂರು ಕಂತೆಗಳಲ್ಲೂ ನಾಲ್ಕು ನಾಲ್ಕು ಸಹಿಗಳಿವೆ. ನಾಲ್ಕನೆಯ ಕಂತೆ ಕುಶಲನಿಂದ ಜಟ್ಟೆಪ್ಪನಿಗೆ, ಅವನಿಂದ ನಿನಗೆ, ನಿನ್ನಿಂದ ನನಗೆ ಬರಬೇಕಿತ್ತು. ನನಗೆ ಬರಲಿಲ್ಲ. ನೀನು ಠಾಣೆಯಲ್ಲಿ ಕೈಗೇ ಕೊಟ್ಟೆ ಎಂದೆ. ನಾನು ಇಲ್ಲ ಎಂದೆ. ಗ್ರಂಥಪಾಲರ ಎದುರು ಇಬ್ಬರೂ ಮುಖ ತಿರುಗಿಸಿಕೊಂಡು ನಿಂತೆವು. ಸಂಘಕ್ಕೆ ಬದಲಿಗೆ ಬೇರೊಂದು ಪುಸ್ತಕ ಕೊಡಿಸಿ ನೀನು ತಪ್ಪು ಒಪ್ಪಿಕೊಂಡಂತೆ ಮಾಡಿದೆ, ನಾನು ಕ್ಷಮಿಸಿದಂತೆ ಮಾಡಿದೆ. ನಮ್ಮ ಸ್ನೇಹಕ್ಕೆ ಆಮೇಲೆ ಹಾಕಿದ ತೇಪೆ ಅದು.

ಕೊನೆಯ ಕಂತೆ ಓದದೆ ನಾನು ಪರೀಕ್ಷೆಗೆ ಹೇಗೆ ಕೂತೆ? ನೀನು ರೈಲಿನಲ್ಲಿ ಬಾಯಲ್ಲೇ ಕಥೆ ಹೇಳಿದ್ದೆ. ಗಂಡನ ಹೊಡೆತ ತಾಳದೆ ಬಾಗಿ ನಸುಕಿನಲ್ಲಿ ಗಂಟು ಕಟ್ಟಿಕೊಂಡು ಹೊರಡುತ್ತಾಳೆ. ಊರ ಹೊರಗಿನ ಬಾವಿಯವರೆಗೆ ಹೋಗುತ್ತಾಳೆ. ಎಲ್ಲಿಗೆ ಹೋಗಲಿ ಎಂದು ಯೋಚಿಸುತ್ತಾಳೆ, ಯಾವ ಬಾಗಿಲೂ ನೆನಪಿಗೆ ಬರುವುದಿಲ್ಲ. ಬೆಳಗಾದಾಗ ಬಾವಿಕಟ್ಟೆಯ ಮೇಲೆ ಕವುಚಿಟ್ಟ ಕೊಡ ಮಾತ್ರ ಇರುತ್ತದೆ.

ಈ ಕಥೆಯನ್ನೇ ನಾನು ದಮಯಂತಿಗೆ ಹೇಳಿದ್ದು.

ನನ್ನ ತಂಗಿಯನ್ನು ನೀನು ದಿಶಾಳ ಬಾರ್ಸೆಯಲ್ಲಿ, ಹೆಸರಿಟ್ಟ ದಿನ, ನೋಡಿದ್ದಿ, ಆಗ ಅವಳು ಎಷ್ಟು ಮಾತಾಡುತ್ತಿದ್ದಳು! ಮದುವೆಯಾಗಿ ಕಲ್ಯಾಣದಾಚೆಯ ವಿಠ್ಠಲವಾಡಿಗೆ ಬಂದ ಮೇಲೆ ಮಾತು ಕಡಿಮೆಯಾಯಿತು, ಪೂರ್ತಿ ತೋಳಿನ ರವಿಕೆ ಜಾಸ್ತಿಯಾಯಿತು. ೨೦೦೪ರ ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ಚೀಲ ಹಿಡಿದು ನಮ್ಮ ಮನೆಗೆ ಬಂದಳು. 'ಅಕ್ಕಾ, ನಾನು ಇನ್ನು ಅಲ್ಲಿಗೆ ಹೋಗುವುದಿಲ್ಲ' ಎಂದಳು. ನಾನು ಹೋಗು ಎನ್ನಲಿಲ್ಲ ಪುಷ್ಪಾ, ದೇವರಾಣೆ. ಮಧ್ಯಾಹ್ನ ಇಬ್ಬರೂ ತೊಂಡೆಕಾಯಿ ಹೆಚ್ಚುತ್ತಾ ಕೂತಾಗ ಕಥೆ ಹೇಳಿದೆ, ಅಷ್ಟೇ. ಮುಗಿದ ಮೇಲೆ ಅವಳು ಉಳಿದ ತೊಂಡೆಕಾಯಿಯನ್ನೂ ಹೆಚ್ಚಿ ಮುಗಿಸಿದಳು. ಆಮೇಲೆ ಎದ್ದು ಮುಖ ತೊಳೆದು, 'ಐದು ಗಂಟೆಗೆ ಗಾಡಿ ಇದೆಯಲ್ಲ' ಎಂದಳು. ಹೊರಟೇಹೋದಳು.

ಈಗಲೂ ಅಲ್ಲೇ ಇದ್ದಾಳೆ. ಎಡಗಿವಿ ಕೇಳಿಸುವುದಿಲ್ಲ. ಕೇಳಿದವರಿಗೆ 'ರೈಲಿನ ಗದ್ದಲಕ್ಕೆ ಹೋಯಿತು' ಎನ್ನುತ್ತಾಳೆ. ಎಲ್ಲರ ಮನೆಯ ಹಿಂದೂ ರೈಲು ಓಡುತ್ತದೆ, ಎಲ್ಲರ ಕಿವಿಯೂ ಹೋಗುವುದಿಲ್ಲ.

ಇನ್ನು ನನ್ನ ಜ್ವರದ ವಿಷಯ. ಮಯೂರನ ಮದುವೆಗೆ ನಾಲ್ಕು ದಿನ ಮುಂಚೆ ಠಾಣೆಯಲ್ಲಿ ಕನ್ನಡ ಪುಸ್ತಕದ ಸ್ಟಾಲು ಹಾಕಿದ್ದರು. ಬಾಗಿಯ ಕಾದಂಬರಿ ಹೊಸದಾಗಿ ಅಚ್ಚಾಗಿ ಬಂದಿತ್ತು, ಬಣ್ಣದ ರಟ್ಟು. ಕೊಂಡು ಗಾಡಿ ಹತ್ತಿದವಳು ನೇರ ಕೊನೆಯ ಅಧ್ಯಾಯ ತೆಗೆದೆ. ಡೊಂಬಿವಲಿ ಯಾವಾಗ ಹೋಯಿತೋ ಗೊತ್ತಿಲ್ಲ, ಕಲ್ಯಾಣದಲ್ಲಿ ಎಲ್ಲರೂ ಇಳಿದ ಮೇಲೆ ಎಚ್ಚರವಾಯಿತು. ಬಾಗಿ ಸಾಯುವುದಿಲ್ಲ ಮಾರಾಯ್ತಿ! ಬಾವಿಯಿಂದ ನೀರು ಸೇದುತ್ತಾಳೆ, ಮುಖ ತೊಳೆಯುತ್ತಾಳೆ, ಹೊಟ್ಟೆ ತುಂಬ ಕುಡಿಯುತ್ತಾಳೆ. ಯಾರದೋ ಕೊಡವನ್ನು ಕೆಲಸ ಮುಗಿದ ಮೇಲೆ ಇಡುವ ಹಾಗೆ ಕಟ್ಟೆಯ ಮೇಲೆ ಕವುಚಿಟ್ಟು ದೋಣಿಯ ಕಡವಿನ ಕಡೆ ನಡೆಯುತ್ತಾಳೆ. ದೋಣಿಯವನು ಯಾವ ಮನೆಯವಳು ಎಂದು ಕೇಳುತ್ತಾನೆ. ಅವಳು ಉತ್ತರ ಕೊಡದೆ ಹತ್ತಿ ಕೂತು ಬುತ್ತಿ ಬಿಚ್ಚುತ್ತಾಳೆ. ಅಷ್ಟೇ, ಮುಗಿಯಿತು.

ಮೊದಲು ಪ್ರಕಾಶಕರ ಮೇಲೆ ಸಂಶಯ ಬಂತು. ಕಾಲ ಬದಲಾಗಿದೆಯೆಂದು ಕೊನೆಯನ್ನು ತಿದ್ದಿರಬಹುದು. ಒಂದು ಶನಿವಾರ ಐರೋಲಿಗೆ ಹೋಗಿ ಕುಶಲನ ಹೋಟೆಲಿನಲ್ಲಿ ಕೂತೆ. ಈಗ ಸ್ವಂತ ಹೋಟೆಲು, ಐಟಿ ಹುಡುಗರ ಸಾಲು ಬಾಗಿಲವರೆಗೆ. ನನ್ನನ್ನು ನೋಡಿ ಎದ್ದು ಬಂದ. ಮಾತಿನ ನಡುವೆ ಏನೂ ಗೊತ್ತಿಲ್ಲದವಳಂತೆ, 'ಆ ಬಾಗಿ ಕೊನೆಗೆ ಏನಾದಳು ಕುಶಲ?' ಎಂದೆ.

'ದೋಣಿ ಹತ್ತಿ ಹೋದಳಲ್ಲ ವೇದಕ್ಕ.'

'ಓದಿದ್ದೆಯಾ, ಇಲ್ಲ ಸುಮ್ಮನೆ ಸಹಿ ಹಾಕಿದ್ದೆಯಾ?'

'ಬಿಲ್ಲಿಗೆ ನೋಡದೆ ಸಹಿ ಹಾಕುತ್ತೇನೆ, ಪುಸ್ತಕಕ್ಕೆ ಇಲ್ಲ. ಅವಳು ಬುತ್ತಿಯಲ್ಲಿ ಏನು ಕಟ್ಟಿಕೊಂಡಿದ್ದಳು ಅಂತ ಲೇಖಕರು ಬರೆಯಲೇ ಇಲ್ಲ, ಅದೊಂದು ನನಗೆ ಬೇಜಾರು,' ಎಂದ. ಹೋಟೆಲಿನವನಿಗೆ ಅದೇ ಚಿಂತೆ!

ಹಾಗಾದರೆ ಪುಸ್ತಕ ತಿದ್ದಿದ್ದಲ್ಲ. ಕಲ್ಯಾಣಕ್ಕೆ, ಜಟ್ಟೆಪ್ಪನಿಗೆ ಫೋನ್ ಮಾಡಿದೆ. ಅವನೂ ಅದನ್ನೇ ಹೇಳಿದ. 'ಅಕ್ಕಾರ, ಬಾಗಿ ಎಲ್ಲಿ ಸತ್ತಾಳ್ರಿ? ನಾ ಅದನ್ನ ಓದಿ ನಮ್ಮ ಹೆಂಡತೀಗೆ ಹೇಳಿದ್ದಕ್ಕ ಆಕಿ ಎಂಟು ದಿನ ನನ್ನ ಕಡೆ ನೋಡಿ ನಗತಿದ್ಲು. ಯಾಕ್ ನಗತೀ ಅಂದ್ರ, ದೋಣಿ ಎಷ್ಟಕ್ಕದ ಅಂತ ಕೇಳೂದು!'

ಉಳಿದವಳು ನೀನು.

ನಾನು ರಾತ್ರಿ ಹಗಲು ಇದನ್ನೇ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಒಂದು ಸಂಗತಿ ಗಮನಿಸು. ಕವುಚಿಟ್ಟ ಕೊಡ ಎರಡು ಕಥೆಯಲ್ಲೂ ಇದೆ. ಅಂದರೆ ಕಥೆಯನ್ನು ತಿರುಗಿಸಿದವಳು ಕೊನೆಯ ಪುಟ ಓದಿದವಳೇ. ಕೊಡವನ್ನು ಇದ್ದಲ್ಲೇ ಬಿಟ್ಟು ಹೆಂಗಸನ್ನು ಮಾತ್ರ ಬಾವಿಗೆ ತಳ್ಳಿದ್ದಾಳೆ. ಇದು ಹೊಸಬರಿಗೆ ಬರುವ ಕೈಚಳಕವಲ್ಲ. ನಮ್ಮ ಅಜ್ಜಿ ಬೀಡಿ ಕಟ್ಟುತ್ತಾ ಕಥೆ ಹೇಳುವಾಗ ಇದನ್ನೇ ಮಾಡುತ್ತಿದ್ದಳು. ಅವಳ ಕಥೆಗಳಿಗೆ ಗಡಿಯಾರವಿರಲಿಲ್ಲ. ನೂರು ಬೀಡಿಯ ಕಥೆ, ಇನ್ನೂರು ಬೀಡಿಯ ಕಥೆ ಎಂದು ಲೆಕ್ಕ. ಮುಗಿಸುವ ಮುಂಚೆ ಒಮ್ಮೆ ಕೇಳುವವರ ಮುಖ ನೋಡುತ್ತಿದ್ದಳು. ಅತ್ತೆಯ ಮೇಲೆ ಮುನಿದು ತವರಿಗೆ ಬಂದ ಸೊಸೆ ಕೂತಿದ್ದರೆ ಕಥೆಯ ಸೊಸೆಯನ್ನು ಹುಲಿ ಹಿಡಿಯುತ್ತಿತ್ತು. ಅದೇ ಅತ್ತೆ ಕೂತಿದ್ದರೆ ಹುಲಿ ಅತ್ತೆಯನ್ನು ಹಿಡಿಯುತ್ತಿತ್ತು. 'ಮರ, ದಾರಿ, ಕೊಡ ಯಾವುದನ್ನೂ ಮುಟ್ಟಬಾರದು. ಕೊನೆಯ ಒಂದು ಹೆಜ್ಜೆ ತಿರುಗಿಸಬೇಕು. ಆಗ ಎಲ್ಲರೂ ನಂಬುತ್ತಾರೆ' ಎನ್ನುತ್ತಿದ್ದಳು. ಈ ವಿದ್ಯೆಯನ್ನು ನಾನು ನಿನಗೆ ಠಾಣೆಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಹೇಳಿಕೊಟ್ಟಿದ್ದೆ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಕಲಿತೂ ಇದ್ದೆ ಎಂದು ಈಗ ಅನ್ನಿಸುತ್ತಿದೆ.

ಯಾಕೆ ಮಾಡಿದೆ ಪುಷ್ಪಾ? ನನಗೆ ಹೆಚ್ಚು ಅಂಕ ಬರಬಾರದು ಎಂದೇ? ಕಂತೆಯನ್ನು ಇಟ್ಟುಕೊಂಡು, ತಪ್ಪು ಕೊನೆ ಹೇಳಿ, ನಾನು ಪರೀಕ್ಷೆಯಲ್ಲಿ ಮುಗ್ಗರಿಸಲಿ ಎಂದೇ? ಅದು ಫಲಿಸಲಿಲ್ಲ. ಆ ಪತ್ರಿಕೆಯಲ್ಲಿ ನನಗೆ ಎಪ್ಪತ್ತೊಂದು, ನಿನಗೆ ಐವತ್ತೆಂಟು. ಇದನ್ನು ಹೇಳಿದಾಗ ಜಟ್ಟೆಪ್ಪ ಫೋನಿನಲ್ಲಿ, 'ಹೌದಲ್ರಿ ಅಕ್ಕಾರ, ದೊಡ್ಡ ಪ್ರಶ್ನಿ ಬಂದಿದ್ದ ಆ ಕಾದಂಬರಿ ಕೊನೀ ಮ್ಯಾಲ. ಬಾಗಿ ಸತ್ತಳು ಅಂತ ಬರದಿದ್ರ ನಿಮಗ ಎಪ್ಪತ್ತೊಂದು ಹ್ಯಾಂಗ ಕೊಟ್ರು?' ಎಂದ. ಪರೀಕ್ಷಕರು ಪೂರ್ತಿ ಓದುತ್ತಾರೆಯೇ, ಅಕ್ಷರ ನೋಡಿ ಹಾಕಿರುತ್ತಾರೆ ಎಂದೆ. ಅವನು 'ಇರಬಹುದ್ರಿ' ಎಂದ. ರೈಲ್ವೆಯವರಿಗೆ ಎಲ್ಲದಕ್ಕೂ ವಿಚಾರಣೆ ಬೇಕು.

ಅಂಕ ಹಾಳಾಗಲಿ. ನೀನು ನನಗೆ ತಮಾಷೆಗೆ ಹೇಳಿದ ಸುಳ್ಳನ್ನು ನಾನು ನಿಜವೆಂದು ನಂಬಿ ನನ್ನ ತಂಗಿಗೆ ಹೇಳಿದೆ. ಅವಳು ಹನ್ನೆರಡು ವರ್ಷ ಅದರೊಳಗೆ ಬದುಕಿದಳು. ಮೊನ್ನೆ ಯುಗಾದಿಗೆ ಬಾ ಎಂದು ಕರೆದಾಗ ಅವಳು ನನ್ನನ್ನು ಒಮ್ಮೆ ನೋಡಿ, 'ಅಕ್ಕಾ, ನೀನು ಈಗ ಕಥೆ ಹೇಳುವುದೇ ಇಲ್ಲವಲ್ಲ' ಎಂದಳು. ಅವಳಿಗೆ ನಾನು ಉತ್ತರ ಕೊಡಬೇಕು. ಯಾರು ತಿರುಗಿಸಿದ್ದು ಎಂದು ಹೆಸರಿಟ್ಟು ಹೇಳಬೇಕು. ದಿಶಾ ಮಾತ್ರ, 'ಆಯೀ, ಸೋಡ್ ನಾ ಆತಾ, ಬಾರಾ ವರ್ಷಂ ಝಾಲೀ' ಎನ್ನುತ್ತಾಳೆ. ಬಿಟ್ಟುಬಿಡಬೇಕಂತೆ, ಹನ್ನೆರಡು ವರ್ಷವಾಯಿತಂತೆ. ಹನ್ನೆರಡು ವರ್ಷವಾದದ್ದು ನನಗಲ್ಲ, ದಮಯಂತಿಗೆ.

ನಾನು ಜಗಳಕ್ಕೆ ಬಂದಿಲ್ಲ. ಒಂದೇ ಮಾತು ಬೇಕು. ಕಂತೆಯನ್ನು ನೀನು ನನಗೆ ಕೊಡಲಿಲ್ಲ, ಕೊನೆಯನ್ನು ತಿರುಗಿಸಿ ಹೇಳಿದೆ ಎಂದು ಎರಡು ಸಾಲು ಬರೆದು ಕಳಿಸು. ಅದನ್ನು ದಮಯಂತಿಗೆ ಓದಿ ಹೇಳುತ್ತೇನೆ. ಆಮೇಲೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಲಾಡಿನ ಡಬ್ಬಿ ವಾಪಸು ಕೊಡಲು ನಾನೇ ಬರುತ್ತೇನೆ, ಖಾಲಿ ಡಬ್ಬಿ ಕೊಡುವವಳಲ್ಲ ಎಂದು ನಿನಗೆ ಗೊತ್ತು.

ಮಯೂರನಿಗೂ ಅನುಷ್ಕಾಳಿಗೂ ನನ್ನ ತುಂಬು ಹರಕೆ. ಆ ಹುಡುಗಿ ಮನೆಯಲ್ಲಿ ಗಟ್ಟಿಯಾಗಿ ಮಾತಾಡುವಂತಿರಲಿ. ನಿನ್ನ ಮಂಡಿನೋವು ತಗ್ಗಲಿ. ಕಟ್ಟಿದ ಮನೆ ತುಂಬಿರಲಿ, ಉಂಡ ಅನ್ನ ಮೈಗೆ ಹತ್ತಲಿ.

ನಿನ್ನ,
ವೇದಾವತಿ

ಮರೆತ ಮಾತು:

ಇವತ್ತು ಮಂಗಳವಾರ. ಕಾಗದವನ್ನು ನಿನ್ನೆಯೇ ಹಾಕಬೇಕಿತ್ತು, ಗೋಂದು ಮುಗಿದಿತ್ತು. ಆಫೀಸಿಗೆ ರಜೆ ಹಾಕಿ ಮನೆಯಲ್ಲಿದ್ದೆ. ಮಧ್ಯಾಹ್ನ ದಮಯಂತಿ ಬಂದಳು. ದಿಶಾ ಫೋನಿನಲ್ಲಿ ಎಲ್ಲ ಹೇಳಿದ್ದಳಂತೆ, ಆಯಿ ಒಂದು ಹಳೇ ಪುಸ್ತಕಕ್ಕಾಗಿ ಹುಚ್ಚಿಯಾಗಿದ್ದಾಳೆ ಎಂದು.

ಬಲಗಿವಿ ನನ್ನ ಕಡೆಗಿರುವಂತೆ ಕುರ್ಚಿ ತಿರುಗಿಸಿಕೊಂಡು ಕೂತಳು. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ದಾರ ಕಟ್ಟಿದ ಒಂದು ಕಂತೆ ತೆಗೆದು ಮೇಜಿನ ಮೇಲಿಟ್ಟಳು.

'ಅವತ್ತು ಫ್ರಿಜ್ಜಿನ ಮೇಲಿತ್ತು,' ಎಂದಳು. 'ನೀನು ಒಳಗೆ ನನಗೆ ಚಕ್ಕುಲಿ ಕಟ್ಟುತ್ತಿದ್ದೆ. ನೀನು ಹೇಳಿದ್ದು ನಿಜವಾ ಅಂತ ನೋಡಬೇಕು ಅನ್ನಿಸಿತು. ಚೀಲಕ್ಕೆ ಹಾಕಿಕೊಂಡೆ.'

'ಓದಿದೆಯಾ?'

'ಕೊನೆಯ ಏಳೇ ಪುಟ.'

'ಹಾಗಾದರೆ ನಿನಗೆ ಗೊತ್ತಿತ್ತು!'

'ಕಲ್ಯಾಣ ಬರುವುದಕ್ಕೆ ಮುಂಚೆಯೇ ಗೊತ್ತಾಯಿತು.'

'ಮತ್ತೆ ಯಾಕೆ ಅಲ್ಲೇ ಇಳಿದು ವಾಪಸು ಬರಲಿಲ್ಲ ದಮ್ಮೂ?'

ಅವಳು ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. 'ಎಲ್ಲಿಗೆ ಬರಬೇಕಿತ್ತು ಅಕ್ಕಾ?' ಎಂದಳು.

ಕಂತೆಯ ಕೊನೆಯ ಹಾಳೆ ತಿರುಗಿಸಿದೆ. ಮೊದಲು ಕುಶಲನ ಸಹಿ, ಆಮೇಲೆ ಜಟ್ಟೆಪ್ಪನದು, ಆಮೇಲೆ ನಿನ್ನದು. ನಿನ್ನ ಕೆಳಗೆ ನನ್ನ ಅಕ್ಷರ ಪುಷ್ಪಾ. ವೇ., ೩-೪-೦೪, ೬.೨೦, ಡೊಂಬಿವಲಿ. ನೀನು ಕೈಗೇ ಕೊಟ್ಟಿದ್ದೆ. ನಾನು ಅವಳು ಬರುವ ಹಿಂದಿನ ಸಂಜೆಯೇ ಓದಿ ಮುಗಿಸಿದ್ದೆ. ಅದನ್ನು ನೋಡಿದ ಮೇಲೆ ಒಂದೊಂದೇ ನೆನಪಾಗುತ್ತಿದೆ, ನೆನಪಾಗುವುದು ಬೇಡವಿತ್ತು. ಪರೀಕ್ಷೆಗೆ ಹನ್ನೆರಡು ದಿನ ಇತ್ತು. ಒಂದು ಕೋಣೆ, ಒಂದು ಅಡುಗೆಮನೆ. ಅವಳು ಚೀಲ ಇಟ್ಟದ್ದು ನಾನು ಓದಲು ಕೂರುವ ಮೂಲೆಯಲ್ಲಿ. ತೊಂಡೆಕಾಯಿ ಹೆಚ್ಚುತ್ತಾ ಕಥೆ ಬಾವಿಯವರೆಗೆ ಬಂದಾಗ ನಾನು ಅವಳ ಮುಖ ನೋಡಿದೆ. ಆಮೇಲೆ ಆ ಚೀಲವನ್ನು ನೋಡಿದೆ. ಕೊನೆಯ ಒಂದು ಹೆಜ್ಜೆ ತಿರುಗಿಸಿದೆ. ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದೆ. ಕಂತೆ ಕಾಣದಾದಾಗ ಅದು ಬರಲೇ ಇಲ್ಲ ಎಂದೆ. ನೀನು ರೈಲಿನಲ್ಲಿ ಕಥೆ ಹೇಳಿದೆ ಎಂಬುದೂ ನಾನೇ ಕಟ್ಟಿದ್ದು. ಹೇಳಿ ಹೇಳಿ ನಾನೇ ನಂಬಿದೆ.

ಇವತ್ತು ಇರು ಎಂದು ಕೈ ಹಿಡಿದೆ. ದಿಶಾಳ ಕೋಣೆಯಿದೆ, ಮಂಚವಿದೆ, ಎಷ್ಟು ದಿನವಾದರೂ ಇರು ಎಂದೆ. ಅವಳು ಚೀಲ ತಂದಿರಲಿಲ್ಲ. 'ನೋಡೋಣ' ಎಂದು ಕೈ ಬಿಡಿಸಿಕೊಂಡು ಅದೇ ಐದರ ಗಾಡಿಗೆ ಹೋದಳು.

ಮೇಲೆ ಬರೆದ ಹಾಳೆಗಳನ್ನು ಹರಿಯದೆ ಹಾಗೆಯೇ ಕಳಿಸುತ್ತಿದ್ದೇನೆ. ನಾನು ನಿನಗೆ ಏನೇನು ಅಂದೆ ಎಂದು ನೀನು ಓದಬೇಕು. ಎರಡು ಸಾಲು ಬರೆದುಕೊಡು ಎಂದಿದ್ದೆನಲ್ಲ, ಬೇಡ.

ನನ್ನ ಸಹಿಯ ಕೆಳಗೆ ಐದನೆಯದೊಂದು ಇದೆ. ನಮ್ಮ ನಾಲ್ವರ ಪದ್ಧತಿಯನ್ನು ನೋಡಿ ಹಾಗೆಯೇ ಬರೆದಿದ್ದಾಳೆ, ಶಾಲೆಯ ದುಂಡು ಅಕ್ಷರದಲ್ಲಿ, ಪೆನ್ಸಿಲ್ ಒತ್ತಿ ಹಾಳೆ ತೂತಾಗಿದೆ:

ದ., ೪-೪-೦೪, ೫.೧೦, ವಿಠ್ಠಲವಾಡಿ.